ಬಿಪಿ ನೋಡುವಾಗ ನನಗೆ 138, ಸಿಸ್ಟರ್‌ಗೆ 184! ನನ್ನ ಕಿವಿ ಸರಿ ಇಲ್ವಾ?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷ. ನಿನ್ನೆ ವಾರ್ಡಲ್ಲಿ ಒಬ್ಬ ಅಜ್ಜಿಯ ತೋಳಿಗೆ ಸುತ್ತಿದ ಕಫ್‌ಗೆ 150ರ ತನಕ ಗಾಳಿ ತುಂಬಿ ಬಿಟ್ಟೆ, 138/90 ಅಂತ ಬರೆದೆ. ಹಿಂದೆಯೇ ಸಿಸ್ಟರ್ ನೋಡಿದ್ರೆ 184/90. ಕೆಲವರಲ್ಲಂತೂ ನನಗೆ ಸ್ಟೆತಸ್ಕೋಪಲ್ಲಿ ಸದ್ದೇ ಕೇಳಿಸಲ್ಲ. ತುಂಬಾ ಭಯ ಆಗ್ತಿದೆ.

ಉತ್ತರ (ಸ್ಟಾಫ್ ನರ್ಸ್): ನಿಮ್ಮ ಕಿವಿ ಸರಿಯಾಗೇ ಇದೆ, ತಪ್ಪಿದ್ದು ಆ 150. ಕೆಲವರಲ್ಲಿ, ಅದರಲ್ಲೂ ಬಿಪಿ ಇರುವ ವಯಸ್ಸಾದವರಲ್ಲಿ, ಸದ್ದು ಮೇಲೆ ಶುರುವಾಗಿ ನಡುವೆ ಪೂರ್ತಿ ನಿಂತು, ಕೆಳಗೆ ಮತ್ತೆ ಬರುತ್ತೆ. ಅಜ್ಜಿಯದೂ ಹಾಗೇ ಇರಬೇಕು. ನೀವು ಆ ಮೌನದ ಮಧ್ಯದಿಂದ ಇಳಿದಿರಿ, ಎರಡನೇ ಸಲ ಬಂದ ಸದ್ದನ್ನೇ ಮೊದಲನೆಯದು ಅಂದುಕೊಂಡಿರಿ.

ಇನ್ನು ಮುಂದೆ ಮೊದಲು ಸ್ಟೆತ್ ಕೊರಳಲ್ಲೇ ಇರಲಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ಬೆರಳಿಗೆ ನಾಡಿ ತಪ್ಪಿದ ಅಂಕಿ ನೆನಪಿಟ್ಟುಕೊಂಡು ಗಾಳಿ ಪೂರ್ತಿ ಬಿಡಿ. ಒಂದು ನಿಮಿಷ ಬಿಟ್ಟು ಅದಕ್ಕಿಂತ 30 ಮೇಲಕ್ಕೆ ತುಂಬಿ, ಸೆಕೆಂಡಿಗೆ 2–3ರಂತೆ ಇಳಿಸುತ್ತಾ ಕೇಳಿ. ಸದ್ದು ನಡುವೆ ನಿಂತರೂ ನಾಡಿ ಬೆರಳಿಗೆ ಸಿಗುತ್ತೆ, ಹಾಗಾಗಿ ಮೋಸ ಹೋಗಲ್ಲ.

ಸದ್ದೇ ಇಲ್ಲ ಅಂದ್ರೆ ಸ್ಟೆತ್‌ನ ಬಿಲ್ಲೆ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಎಷ್ಟೋ ಸಲ ಅದು ಇನ್ನೊಂದು ಮುಖಕ್ಕೆ ತಿರುಗಿರುತ್ತೆ. ಇಯರ್‌ಪೀಸ್ ಮೂಗಿನ ಕಡೆಗೆ ಬಾಗಿರಬೇಕು. ಮೊಣಕೈ ನೇರ ಮಾಡಿ, ಮಡಿಕೆಯಲ್ಲಿ ಕಿರುಬೆರಳಿನ ಬದಿಗೆ ನಾಡಿ ಹುಡುಕಿ ಅಲ್ಲೇ ಬಿಲ್ಲೆ ಇಡಿ, ಅದನ್ನು ಕಫ್‌ನ ಒಳಗೆ ತುರುಕಬೇಡಿ. ಆಗಲೂ ಕ್ಷೀಣ ಅನ್ನಿಸಿದರೆ ಅವರ ಕೈಯನ್ನು ಅರ್ಧ ನಿಮಿಷ ತಲೆ ಮೇಲೆತ್ತಿ ಹಿಡಿದು, ಹಾಗೇ ಗಾಳಿ ತುಂಬಿ, ಆಮೇಲೆ ಕೈಯನ್ನು ಎದೆಮಟ್ಟಕ್ಕೆ ಇಳಿಸಿ ಕೇಳಿ.

ಮರುಪ್ರಶ್ನೆ: ಸದ್ದು ಸಿಗದಿದ್ದರೆ ಮೀಟರಿನ ಮುಳ್ಳು ಕುಣಿಯಲು ಶುರುವಾದ ಅಂಕಿ ಬರೆಯಬಹುದಾ ಮೇಡಂ?

ಉತ್ತರ: ಬೇಡಮ್ಮ. ಮುಳ್ಳು ನಿಜವಾದ ಮೇಲಿನ ಬಿಪಿಗಿಂತ ಎಷ್ಟೋ ಮೊದಲೇ ಅಲುಗಾಡುತ್ತೆ. ಬೆರಳಿಗೆ ಸಿಕ್ಕ ಅಂಕಿ ಬರೆದು, ಪಕ್ಕದಲ್ಲಿ ‘ನಾಡಿ ಮುಟ್ಟಿ ನೋಡಿದ್ದು’ ಅಂತ ಬರೆಯಿರಿ.

ಇನ್ನೊಬ್ಬ ಸದಸ್ಯೆ: ನಮ್ಮಮ್ಮನಿಗೆ ರವಿಕೆ ತೋಳು ಮೇಲಕ್ಕೆ ಸುತ್ತಿ ನೋಡ್ತೀನಿ. ಪರವಾಗಿಲ್ವಾ?

ಉತ್ತರ: ಸಡಿಲ ತೋಳಾದರೆ ಸರಿ. ಬಿಗಿ ತೋಳು ಸುತ್ತಿದರೆ ತೋಳಿಗೆ ಹಗ್ಗ ಕಟ್ಟಿದಂತೆ, ಅಂಕಿ ಕೆಡುತ್ತೆ. ರವಿಕೆಯ ಆ ತೋಳು ಕಳಚಿ ಸೆರಗು ಹೊದಿಸಿ. ಅವರ ಕೈಯೇ ದಪ್ಪ ಇದ್ದರೆ ದೊಡ್ಡ ಕಫ್ ತನ್ನಿ. ಚಿಕ್ಕದರಲ್ಲಿ ಇಲ್ಲದ ಬಿಪಿ ಕಾಣಿಸುತ್ತೆ.

ಮೊದಲು ಕೇಳಿದ ಹುಡುಗಿಗೆ: ಚಾರ್ಟಲ್ಲಿ ಆ 138 ಇನ್ನೂ ಇದ್ದರೆ ಇವತ್ತೇ ಸಿಸ್ಟರ್‌ಗೆ ಹೇಳಿ ತಿದ್ದಿಸಿ. ಅಜ್ಜಿಯ ಮಾತ್ರೆ ಅದನ್ನು ನೋಡಿಯೇ ಬರೆಯೋದು.