ಚರ್ಚ್ ಸುಟ್ಟರೆ ಪಾಪ, ಊರು ಸುಟ್ಟರೆ?

ಗುಂಪು: ಅಜ್ಜಿ ಮನೆ

ಚಿಕ್ಕಪ್ಪ: 👆 'ಹೆಲ್ಸ್ ಹಿಂಜಸ್'. 1916ರ ಅಮೆರಿಕದ ಮೂಕಿ ಕೌಬಾಯ್ ಚಿತ್ರ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಕೊನೆಯ ಭಾಗವನ್ನಾದರೂ ನೋಡಿ. ನ್ಯಾಯ ಅಂದರೆ ಇದು!

ಶುಭಾ ಅತ್ತೆ: ಪೂರ್ತಿ ನೋಡಿದೆ ಕಣೋ. ಕುಡಿದ ಗುಂಪು ಚರ್ಚಿಗೆ ಬೆಂಕಿ ಇಟ್ಟರೆ ಪಾಪ. ಹೀರೋ ವಿಲಿಯಂ ಹಾರ್ಟ್ ಊರಿಗೇ ಬೆಂಕಿ ಇಟ್ಟರೆ ನಿನಗೆ ನ್ಯಾಯಾನಾ?

ಚಿಕ್ಕಪ್ಪ: ಅಕ್ಕಾ, ಅಲ್ಲಿ ದೂರು ಕೊಡೋದು ಯಾರಿಗೆ? ಊರೆಲ್ಲ ಆ ಸಲೂನ್ ಮಾಲೀಕ ಸಿಲ್ಕ್ ಮಿಲ್ಲರ್ ಕೈಯಲ್ಲಿ.

ದೊಡ್ಡಮ್ಮ: ಸಲೂನಿನವನ ಮಾತು ಅಷ್ಟು ನಡೆಯುತ್ತಾ?

ವಿನಯ್: ಕಟಿಂಗ್ ಶಾಪ್ ಅಲ್ಲ ದೊಡ್ಡಮ್ಮ. ಅಲ್ಲಿ ಸಲೂನ್ ಅಂದರೆ ಹೆಂಡದಂಗಡಿ 😄

ಶುಭಾ ಅತ್ತೆ: ನನಗೆ ಹಿಡಿಸಿದ್ದು ಪಾದ್ರಿಯ ಕಥೆ. ಅವನಿಗೆ ಯಾರೂ ಲಂಚ ಕೊಡಲಿಲ್ಲ. ಸಲೂನಿನ ಹೆಣ್ಣು ಡಾಲಿಯನ್ನು ಅವನ ಮೇಲೆ ಬಿಟ್ಟರು, ಕುಡಿಸಿದರು. ಹೊಸ ಚರ್ಚಿಗೆ ಜನ ಬಂದರೆ ಇವನು ಡಾಲಿ ಕೋಣೆಯಲ್ಲಿ ಮೈಮೇಲೆ ಎಚ್ಚರ ಇಲ್ಲದೆ ಬಿದ್ದಿದ್ದಾನೆ. ಆಮೇಲೆ ತನ್ನ ಚರ್ಚಿಗೆ ಬೆಂಕಿ ಇಡೋ ಗುಂಪಿನಲ್ಲಿ ತಾನೇ ಸೇರುತ್ತಾನೆ. ಮನುಷ್ಯ ಹೇಗೆ ಕೆಡುತ್ತಾನೆ ಅಂತ ಅಲ್ಲಿ ಕಾಣುತ್ತೆ. ಹಾರ್ಟ್ ಮಾಡೋದು ಸುಲಭದ ಕೆಲಸ.

ಚಿಕ್ಕಪ್ಪ: ಸುಲಭಾನಾ? ಎರಡು ಕೈಯಲ್ಲೂ ಪಿಸ್ತೂಲು. ಮಿಲ್ಲರ್‌ಗೆ ಹೊಡೆದ ಮೇಲೆ ಗುಂಡು ತೂಗುದೀಪಕ್ಕೆ. ಎಣ್ಣೆ ಸುರಿದು ಬೆಂಕಿ! ಶೇಕ್ಸ್‌ಪಿಯರ್ ನಾಟಕ ಆಡಿ ಬಂದವನು ಹಾರ್ಟ್. ಆದರೂ ಮುಖದ ಒಂದು ಗೆರೆ ಅಲುಗಲ್ಲ.

ಶುಭಾ ಅತ್ತೆ: ಮುಖ ನೋಡಿ ತೀರ್ಪು ಒಪ್ಪಬೇಕಾ? ಮತ್ತೆ ಮಿಲ್ಲರ್ ಕಪಟಿ ಅನ್ನೋಕೆ ಮೆಕ್ಸಿಕನ್ನರಿಗೆ ಹೋಲಿಸಿ ತೆರೆ ಮೇಲೆ ಬರೆದಿದ್ದಾರಲ್ಲ, ಅದನ್ನು ಓದಿದೆಯಾ?

ಚಿಕ್ಕಪ್ಪ: ಅದು ತಪ್ಪೇ, ಒಪ್ಪಿದೆ. ಆದರೆ ಹಾರ್ಟ್‌ಗೆ ಆ ಕಾಲದ ನಿಜವಾದ ಬಂದೂಕಿನ ಜನ ಗೊತ್ತಿದ್ದರು. ಅರಿಜೋನಾದಲ್ಲಿ ಹೆಸರು ಮಾಡಿದ ವ್ಯಾಟ್ ಅರ್ಪ್ ಅವನ ಸ್ನೇಹಿತ. 1929ರಲ್ಲಿ ಅರ್ಪ್ ಸತ್ತಾಗ ಶವಪೆಟ್ಟಿಗೆ ಹೊತ್ತವರಲ್ಲಿ ಹಾರ್ಟ್ ಕೂಡ ಒಬ್ಬ.

ವಿನಯ್: ಚಿಕ್ಕಪ್ಪ, ಅರ್ಪ್ ಹೆಸರು ಎತ್ತಬಾರದಿತ್ತು 🙈 1882ರಲ್ಲಿ ತಮ್ಮನ ಕೊಲೆ ಆದಮೇಲೆ ಶಂಕಿತರನ್ನು ಬೆನ್ನಟ್ಟಿ ಗುಂಡು ಹೊಡೆದವನು. ಆಗ ಅವನು ಡೆಪ್ಯುಟಿ ಮಾರ್ಷಲ್, ಅಂದರೆ ಕಾನೂನು ಕಾಯೋ ಸರ್ಕಾರಿ ಅಧಿಕಾರಿ. ಕೊನೆಗೆ ಅವನ ಮೇಲೇ ಕೊಲೆ ವಾರಂಟ್ ಬಂತು, ಅರಿಜೋನಾ ಬಿಟ್ಟು ಹೋದ.

ಶುಭಾ ಅತ್ತೆ: ನೋಡು! ಬಿಲ್ಲೆಯೂ ಅವನದೇ, ಸೇಡೂ ಅವನದೇ.

ಚಿಕ್ಕಪ್ಪ: ನಾನು ಸಿನಿಮಾ ಕಳಿಸಿದ್ದು, ನೀವು ಕೇಸ್ ನಡೆಸ್ತಿದ್ದೀರಿ.

ದೊಡ್ಡಮ್ಮ: ಅಲ್ಲಪ್ಪಾ, ಸುಟ್ಟ ಊರಿನ ಜನ ಆಮೇಲೆ ಎಲ್ಲಿ ಹೋದರು?

ಚಿಕ್ಕಪ್ಪ: ಓಡೋದನ್ನು ತೋರಿಸಿದ್ದಾರೆ ಅತ್ತಿಗೆ. ಎಲ್ಲಿಗೆ ಅಂತ ಇಲ್ಲ.