ಓದು ಬರಹ ಬಾರದವರ ಅರ್ಜಿಯಲ್ಲಿ ಅವರ ಮಾತು ಎಷ್ಟು? (19ನೇ ಶತಮಾನದ ಐರ್ಲೆಂಡ್)

ಹಳೇಕಡತ:

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಆಲೂಗಡ್ಡೆ ಕ್ಷಾಮದ ಬಗ್ಗೆ ಓದಲು ಶುರು ಮಾಡಿದೆ, ಈಗ ಅದಕ್ಕಿಂತ ಹಿಂದಿನ ಕಾಗದಪತ್ರಗಳ ಕಡೆ ಮನಸ್ಸು ಹೋಗಿದೆ. ಸಣ್ಣ ಗೇಣಿದಾರರು, ವಿಧವೆಯರು, ಜೈಲು ಸೇರಿದವರ ಹೆಂಡತಿಯರು, ಪಿಂಚಣಿ ಸಿಗದ ಮಾಜಿ ಸೈನಿಕರು, ಇಂಥವರೆಲ್ಲ ಡಬ್ಲಿನ್ ಕ್ಯಾಸಲ್‌ಗೆ, ಅಂದರೆ ಅಲ್ಲಿನ ಬ್ರಿಟಿಷ್ ಆಡಳಿತಕ್ಕೆ, ಬರೆದ ಅರ್ಜಿಗಳು ರಾಶಿ ರಾಶಿ ಉಳಿದಿವೆ. ಕೆಲವನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ನನ್ನ ಗೊಂದಲ ಇದು. 1841ರ ಜನಗಣತಿ ಪ್ರಕಾರ ಐದು ವರ್ಷ ದಾಟಿದವರಲ್ಲಿ ನೂರಕ್ಕೆ 53 ಜನರಿಗೆ ಓದಲೂ ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ. ಪಶ್ಚಿಮದ ಜಿಲ್ಲೆಗಳಲ್ಲಿ ಮನೆಮಾತು ಐರಿಷ್, ಆದರೆ ಅರ್ಜಿ ಇರುವುದು ಇಂಗ್ಲಿಷಿನಲ್ಲಿ. ಜೊತೆಗೆ ಎಲ್ಲ ಅರ್ಜಿಗಳೂ ಒಂದೇ ಅಚ್ಚಿನವು. ಬಡ ಅರ್ಜಿದಾರ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತಾನೆ ಅಂತ ಶುರು, ತಮಗಾಗಿ ಸದಾ ದೇವರನ್ನು ಪ್ರಾರ್ಥಿಸುತ್ತಾನೆ ಅಂತ ಮುಕ್ತಾಯ. ಹೀಗಿದ್ದಾಗ ಇದನ್ನು ಬಡವರ ದನಿ ಅಂತ ಕರೆಯಬಹುದಾ? ಅಥವಾ ಬರೆದುಕೊಟ್ಟವನ ದನಿಯನ್ನೇ ನಾವು ಬಡವರದ್ದು ಅಂದುಕೊಂಡು ಸುಮ್ನೆ ಕಣ್ಣೀರು ಹಾಕುತ್ತಿದ್ದೇವಾ? ತಿಳಿದವರು ಹೇಳಿ.

ಕರಾವಳಿ_ಓದುಗ:

ಒಳ್ಳೆಯ ಪ್ರಶ್ನೆ. ಬರೆದವನು ಬೇರೆ ಅನ್ನುವುದು ಬಹಳಷ್ಟು ಅರ್ಜಿಗಳ ಮಟ್ಟಿಗೆ ನಿಜ. ಹಳ್ಳಿಯ ಮೇಷ್ಟ್ರು, ಪಾದ್ರಿ, ಪಟ್ಟಣದಲ್ಲಿ ಕಾಸಿಗೆ ಬರೆದುಕೊಡುವವರು, ಇವರ ಕೈಬರಹವೇ ಜಾಸ್ತಿ. ಮೇಷ್ಟ್ರು ಅಂದರೆ 1831ರಲ್ಲಿ ಸರ್ಕಾರದ ರಾಷ್ಟ್ರೀಯ ಶಾಲೆಗಳು ಬರುವ ಮೊದಲು ಹೆಡ್ಜ್ ಸ್ಕೂಲ್ ಅಂತ ಕರೆಯುತ್ತಿದ್ದ ಖಾಸಗಿ ಹಳ್ಳಿ ಶಾಲೆಗಳನ್ನು ನಡೆಸುತ್ತಿದ್ದವರು. ಕೆಳಗಿನ ಹೆಸರುಗಳೆಲ್ಲ ಒಂದೇ ಕೈಯಲ್ಲಿ ಬರೆದಿದ್ದು, ಪಕ್ಕದಲ್ಲಿ ಬರೀ ಗುಣಿಸು ಗುರುತು ಇರುವುದೂ ಉಂಟು.

ಆದರೆ ಬರೆದುಕೊಡುವವನಿಗೆ ಗೊತ್ತಿದ್ದದ್ದು ಚೌಕಟ್ಟು ಮಾತ್ರ. ಒಳಗೆ ತುಂಬುವ ವಿಷಯ ಹೇಳಿಸುವವರ ಬಾಯಿಂದಲೇ ಬರಬೇಕಿತ್ತು ಅಲ್ವಾ? ಒಂದು ಉದಾಹರಣೆ. 1822ರ ದಂಗೆ ಕಾಯ್ದೆ ಜಾರಿಯಾದ ಪ್ರದೇಶಗಳಲ್ಲಿ ಹೊತ್ತು ಮುಳುಗಿದ ಮೇಲೆ ಸರಿಯಾದ ಕಾರಣವಿಲ್ಲದೆ ಮನೆಯಿಂದ ಹೊರಗೆ ಸಿಕ್ಕರೆ ಏಳು ವರ್ಷ ಗಡೀಪಾರು, ಅದೂ ಜ್ಯೂರಿ ಇಲ್ಲದ ವಿಚಾರಣೆಯಲ್ಲಿ. ಆ ಕೇಸುಗಳಲ್ಲಿ ತಾಯಿಯೋ ಹೆಂಡತಿಯೋ ಅರ್ಜಿ ಕೊಡುವಾಗ ಮಗ ಆ ರಾತ್ರಿ ಎಲ್ಲಿಗೆ ಹೋಗಿದ್ದ, ಯಾಕೆ ಹೋಗಿದ್ದ, ಯಾರು ನೋಡಿದರು, ಮನೆಯಲ್ಲಿ ದುಡಿಯುವವರು ಇನ್ನು ಯಾರಿದ್ದಾರೆ, ಎಳೆ ಮಕ್ಕಳು ಎಷ್ಟು, ಇದನ್ನೆಲ್ಲ ಹೇಳಲೇಬೇಕು. ಮೇಷ್ಟ್ರಿಗೆ ಇದು ಹೇಗೆ ಗೊತ್ತಾಗಬೇಕು? ಎದುರಿಗೆ ಕೂತು ಅವಳು ಐರಿಷಿನಲ್ಲಿ ಹೇಳುತ್ತಿದ್ದಾಳೆ, ಇವನು ಇಂಗ್ಲಿಷಿನಲ್ಲಿ ಇಳಿಸುತ್ತಿದ್ದಾನೆ. ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಬಿಟ್ಟುಬಿಡಿ, ನಡುವಿನದನ್ನು ಓದಿ.

ಆ ವಿನಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಶ್ರೀಮಂತರೂ ಅದೇ ನಮೂನೆಯಲ್ಲಿ ಬರೆಯುತ್ತಿದ್ದರು. ಬಡವರು ಆ ನಮೂನೆ ಹಿಡಿದಾಗ ಮಾಡಿದ್ದು ಲೆಕ್ಕಾಚಾರದ ಕೆಲಸ. ಜಮೀನ್ದಾರನ ಸಹಿ, ಪಾದ್ರಿಯ ಸಹಿ, ಸಾಧ್ಯವಾದರೆ ಶಿಕ್ಷೆ ಕೊಡಿಸಿದ ಮ್ಯಾಜಿಸ್ಟ್ರೇಟನದ್ದೇ ಸಹಿ, ಹೀಗೆ ಒಂದೊಂದನ್ನೂ ಮನೆ ಮನೆ ಅಲೆದು ಸಂಪಾದಿಸಿ ಲಗತ್ತಿಸುತ್ತಿದ್ದರು. ಆ ಓಡಾಟವನ್ನು ಯಾವ ಮೇಷ್ಟ್ರೂ ಅವರ ಬದಲಿಗೆ ಮಾಡಿಲ್ಲ.

ಡಬ್ಲಿನ್_ಕನ್ನಡತಿ:

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಮೇಷ್ಟ್ರನ್ನು ಜನರಿಂದ ಬೇರೆ ಅಂತ ಇಡುವುದೇ ಪೂರ್ತಿ ಸರಿಯಲ್ಲ. ಎಷ್ಟೋ ಕಡೆ ಅವರೂ ಅದೇ ಹಸಿವಿನಲ್ಲಿ ಇದ್ದವರು.

ಡೊನೆಗಾಲ್ ಜಿಲ್ಲೆಯ ಗ್ವೀಡೋರ್ ಗೊತ್ತಾ? 1837ರಲ್ಲಿ ಅಲ್ಲಿನ ರಾಷ್ಟ್ರೀಯ ಶಾಲೆಯ ಮೇಷ್ಟ್ರು ಪ್ಯಾಟ್ರಿಕ್ ಮೆಕೈ ಲಾರ್ಡ್ ಲೆಫ್ಟಿನೆಂಟ್‌ಗೆ, ಅಂದರೆ ಐರ್ಲೆಂಡಿನಲ್ಲಿದ್ದ ಬ್ರಿಟಿಷ್ ದೊರೆಯ ಪ್ರತಿನಿಧಿಗೆ, ಒಂದು ಮನವಿ ಬರೆದರು. ನನ್ನ ಮಟ್ಟಿಗೆ ಆ ಶತಮಾನದ ಅತ್ಯಂತ ಶಕ್ತಿಯುತ ಅರ್ಜಿ ಅದು. ಐರ್ಲೆಂಡಿನ ಒಂಬತ್ತು ಜಿಲ್ಲೆ, ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕ ಎಲ್ಲ ನೋಡಿದ್ದೇನೆ, ಇಲ್ಲಿನ ಹಸಿವು ಮತ್ತು ಬೆತ್ತಲೆಯ ಹತ್ತನೇ ಒಂದು ಪಾಲನ್ನೂ ಎಲ್ಲೂ ಕಂಡಿಲ್ಲ ಅನ್ನುತ್ತಾರೆ. ಆಮೇಲೆ ಗೋಳಾಡುವುದಿಲ್ಲ, ಪಟ್ಟಿ ಕೊಡುತ್ತಾರೆ. ಸಾವಿರಾರು ಜನರಿರುವ ಇಡೀ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಗಾಡಿ 1, ನೇಗಿಲು 1, ಸಲಿಕೆ 20, ಊಟದ ಫೋರ್ಕ್ 7, ಕುರ್ಚಿ 93, ಸ್ಟೂಲ್ 243, ಗರಿಯ ಹಾಸಿಗೆ 2, ಜೇಬಿನ ಗಡಿಯಾರ 3, ಗೋಡೆ ಗಡಿಯಾರ ಇಲ್ಲ, ಹಣ್ಣಿನ ಮರ ಇಲ್ಲ, ಕ್ಯಾರೆಟ್ ಇಲ್ಲ. ಬೆಳೆದ ಗಂಡು ಹೆಣ್ಣು ಮಕ್ಕಳು ತಂದೆತಾಯಿಯ ಜೊತೆ ಒಂದೇ ಹಾಸಿಗೆಯಲ್ಲಿ ಬಟ್ಟೆಯಿಲ್ಲದೆ ಮಲಗುತ್ತಾರೆ ಅನ್ನುವುದನ್ನೂ ನೇರವಾಗಿ ಬರೆಯುತ್ತಾರೆ.

ಈ ಪಟ್ಟಿಯ ಉಪಾಯ ನೋಡಿ. ಆ ಕಾಲದ ಸರ್ಕಾರಕ್ಕೆ ಲೆಕ್ಕ ಅಂದರೆ ಪ್ರಾಣ. ಜನಗಣತಿ, ಭೂಮಾಪನ, ಆಯೋಗದ ವರದಿ, ಎಲ್ಲದರಲ್ಲೂ ಅಂಕಿ. ಮೆಕೈ ಅದೇ ಅಂಕಿಗಳ ದಾರಿಯಲ್ಲಿ ಹೋಗಿ ಅಧಿಕಾರಿ ಮುಖ ತಿರುಗಿಸಲಾಗದಂತೆ ಮಾಡಿದರು. ಯಾರ ಮನೆಯಲ್ಲಿ ಎಷ್ಟು ಕುರ್ಚಿ ಅನ್ನುವುದು ಅಲ್ಲೇ ಬದುಕುವವನಿಗೆ ಮಾತ್ರ ಗೊತ್ತಾಗುವ ಸಂಗತಿ. ಹಾಗಾಗಿ ಅದು ಊರಿನ ದನಿ ಅಂತ ನನಗೆ ಯಾವ ಅನುಮಾನವೂ ಇಲ್ಲ.

ಮುಂದಿನ ಕಥೆ ನೋವಿನದು. 1838ರಿಂದ ಅಲ್ಲಿ ಜಮೀನು ಕೊಂಡ ಲಾರ್ಡ್ ಜಾರ್ಜ್ ಹಿಲ್ ಈ ಮನವಿಯನ್ನು 1845ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಯಾಕೆ? ನಾನು ಬರುವ ಮೊದಲು ಇಲ್ಲಿ ಹೇಗಿತ್ತು ನೋಡಿ, ಈಗ ನಾನು ಹೇಗೆ ಸುಧಾರಿಸಿದ್ದೇನೆ ನೋಡಿ ಅಂತ ತೋರಿಸಲು. ಜನರ ಅಹವಾಲು ಜಮೀನ್ದಾರನ ಸಾಕ್ಷಿಯಾಯಿತು.

ಬಯಲುಸೀಮೆಯವ:

ನೀವಿಬ್ಬರೂ ಅರ್ಜಿಯನ್ನು ತುಂಬಾ ಮೇಲಕ್ಕೆ ಏರಿಸುತ್ತಿದ್ದೀರಿ ಅನಿಸುತ್ತದೆ. ಅರ್ಜಿಯಲ್ಲಿ ಕೋಪ ತೋರಿಸುವ ಹಾಗಿಲ್ಲ. ಕೋಪ ತೋರಿಸಿದರೆ ಕೆಲಸ ಕೆಡುತ್ತದೆ. ಹಾಗಾಗಿ ಬಡವರ ಮನಸ್ಸಿನ ಅರ್ಧ ಮಾತ್ರ ಅಲ್ಲಿ ಸಿಗುತ್ತದೆ.

ಇನ್ನರ್ಧ ಬೇಕಾದರೆ ಬೆದರಿಕೆ ಪತ್ರಗಳನ್ನು ಓದಿ. 1821ರಿಂದ 1824ರ ತನಕ ದಕ್ಷಿಣದಲ್ಲಿ ಕ್ಯಾಪ್ಟನ್ ರಾಕ್ ಅನ್ನುವ ಕಲ್ಪಿತ ಹೆಸರಿನಲ್ಲಿ ದೊಡ್ಡ ಚಳವಳಿ ನಡೆಯಿತು. ಶುರುವಾಗಿದ್ದು ಲಿಮರಿಕ್ ಜಿಲ್ಲೆಯ ಕೋರ್ಟ್ನಿ ಎಸ್ಟೇಟ್‌ನಲ್ಲಿ, ಗೇಣಿ ವಸೂಲಿಯಲ್ಲಿ ಕಟುವಾಗಿದ್ದ ಒಬ್ಬ ಏಜೆಂಟನ ವಿರುದ್ಧ. ಗೇಣಿ ಇಳಿಸಿ, ಒಕ್ಕಲೆಬ್ಬಿಸಿದ ಭೂಮಿಯನ್ನು ಬೇರೆಯವರು ಹಿಡಿಯಬೇಡಿ, ಚರ್ಚಿನ ದಶಾಂಶ ತೆರಿಗೆ ಕೊಡಬೇಡಿ ಅಂತ ರಾತ್ರೋರಾತ್ರಿ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಗಳ ಭಾಷೆ ಕೋರ್ಟಿನ ಆದೇಶದ ಹಾಗೇ ಇರುತ್ತದೆ. ಕೈ ಮುಗಿಯುವುದಿಲ್ಲ, ಅಪ್ಪಣೆ ಕೊಡುತ್ತದೆ. ಅವುಗಳನ್ನು ಬರೆದವರು ಅದೇ ಹಳ್ಳಿ ಮೇಷ್ಟ್ರುಗಳು ಅಂತ ಮ್ಯಾಜಿಸ್ಟ್ರೇಟರಿಗೆ ಸದಾ ಅನುಮಾನ. ಕಿತ್ತ ಚೀಟಿಗಳನ್ನು ಡಬ್ಲಿನ್‌ಗೆ ಕಳಿಸುತ್ತಿದ್ದರಿಂದ ಅವೂ ಅರ್ಜಿಗಳ ಜೊತೆಗೇ ಉಳಿದಿವೆ.

ಎರಡೂ ಒಂದೇ ಕಾಗದದಲ್ಲಿ ಬೆರೆತದ್ದೂ ಇದೆ. 1846ರ ಆಗಸ್ಟ್ 22ರಂದು ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನ ಕ್ಲೂನಹೀ ಗೇಣಿದಾರರು ಬರೆದ ಮನವಿ. ಇದು ಸರ್ಕಾರಕ್ಕೆ ನೇರವಾಗಿ ಹೋದದ್ದಲ್ಲ, ಸ್ಥಳೀಯ ದೊಡ್ಡ ಮನುಷ್ಯರಿಗೆ. ಮಕ್ಕಳು ಕಣ್ಣೆದುರೇ ಅನ್ನಕ್ಕಾಗಿ ಅಳುತ್ತಿವೆ, ಆಲೂಗಡ್ಡೆ ಕೊಳೆತಿದೆ, ಕಾಳು ಇಲ್ಲ ಅನ್ನುತ್ತಾರೆ. ಬಡವರ ಸಂಕಟ ನಿಮಗೆ ಗೊತ್ತಿಲ್ಲ ಅಂತ ಮುಖಕ್ಕೇ ಹೇಳುತ್ತಾರೆ. ಕಾನೂನು ಮೀರುವ ಯಾವುದಕ್ಕೂ ನಾವು ಸೇರುವವರಲ್ಲ, ಹಸಿವು ನಮ್ಮನ್ನು ಅಲ್ಲಿಗೆ ದೂಡದಿದ್ದರೆ ಅನ್ನುತ್ತಾರೆ. ಆ ಕೊನೆಯ ತುಂಡು ಓದಿ, ಅದರಲ್ಲಿ ಬೇಡಿಕೆ ಎಲ್ಲಿ ಮುಗಿಯಿತು, ಎಚ್ಚರಿಕೆ ಎಲ್ಲಿ ಶುರುವಾಯಿತು ಅಂತ ನೀವೇ ಹೇಳಿ. ಮರುವರ್ಷ ಆ ಎಸ್ಟೇಟಿನಿಂದ 1,490 ಜನರನ್ನು ಹಡಗು ಹತ್ತಿಸಿ ಕೆನಡಾ ಕಡೆ ಕಳಿಸಿದರು, ಬಹಳ ಜನ ದಾರಿಯಲ್ಲೇ ಸತ್ತರು. ಅದೇ ವರ್ಷದ ನವೆಂಬರ್‌ನಲ್ಲಿ ಜಮೀನ್ದಾರ ಮೇಜರ್ ಡೆನಿಸ್ ಮಹಾನ್‌ನನ್ನು ಗುಂಡಿಟ್ಟು ಕೊಂದರು. ಈಗ ಸ್ಟ್ರೋಕ್ಸ್‌ಟೌನ್‌ನಲ್ಲಿ ಕ್ಷಾಮದ ಮ್ಯೂಸಿಯಂ ಇದೆ.

ಹಳೇಕಡತ:

ಮೂವರಿಗೂ ತುಂಬಾ ಧನ್ಯವಾದ. ಕ್ಲೂನಹೀ ಮನವಿ ಈಗ ಹುಡುಕಿ ಓದಿದೆ. ಅದರಲ್ಲಿ ಕೈಮುಗಿಯುವುದಕ್ಕಿಂತ ಹಕ್ಕು ಕೇಳುವ ಧಾಟಿಯೇ ಜಾಸ್ತಿ ಇದೆ, ನಿಜ. ಇನ್ನೊಂದು ಕೇಳಬೇಕು. ಕ್ಯಾಸಲ್‌ಗೆ ಹೋದ ಅರ್ಜಿಗಳನ್ನು ಅಲ್ಲಿ ಯಾರಾದರೂ ಓದುತ್ತಿದ್ದರಾ? ಉತ್ತರ ಬರುತ್ತಿತ್ತಾ? ಬಾರದಿದ್ದರೆ ಜನ ಮತ್ತೆ ಮತ್ತೆ ಯಾಕೆ ಬರೆದರು?

ಕರಾವಳಿ_ಓದುಗ:

ಓದುತ್ತಿದ್ದರು. ಅದೇ ಆಶ್ಚರ್ಯ. ಬಂದ ಪ್ರತಿ ಕಾಗದಕ್ಕೂ ನಂಬರ್ ಹಾಕಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಕಾಗದ ಮಡಚಿ ಹೊರಮೈಯಲ್ಲಿ ಯಾರು, ಏನು ಕೇಳಿದ್ದಾರೆ ಅಂತ ಗುಮಾಸ್ತ ಚುಟುಕಾಗಿ ಗುರುತು ಹಾಕುತ್ತಿದ್ದ, ಮೇಲಿನವರು ಅದರ ಮೇಲೇ ತೀರ್ಮಾನ ಗೀಚುತ್ತಿದ್ದರು. ಕೈದಿಗಳ ಅರ್ಜಿಯ ಮೇಲೆ ಮತ್ತೆ ಮತ್ತೆ ಕಾಣುವ ಷರಾ ಒಂದೇ: ಕಾನೂನು ತನ್ನ ದಾರಿಯಲ್ಲಿ ಸಾಗಲಿ. ಅಂದರೆ ಶಿಕ್ಷೆ ಖಾಯಂ. ತಾಯಿ ತಿಂಗಳುಗಟ್ಟಲೆ ಓಡಾಡಿ ತಂದ ಸಹಿಗಳಿಗೆ ಅಷ್ಟೇ ಉತ್ತರ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಆದರೆ ಎಲ್ಲವೂ ಹಾಗಲ್ಲ. ಕೆಲವರ ಶಿಕ್ಷೆ ಕಡಿಮೆಯಾಯಿತು. ಗಡೀಪಾರಾದವರ ಹೆಂಡತಿ ಮಕ್ಕಳು ನ್ಯೂ ಸೌತ್ ವೇಲ್ಸ್‌ಗೆ ಉಚಿತವಾಗಿ ಕಳಿಸಿ ಅಂತ ಬರೆದ ಅರ್ಜಿಗಳಲ್ಲಿ ಕೆಲವು ಫಲಿಸಿದವು, ಕುಟುಂಬ ಅಲ್ಲಿ ಮತ್ತೆ ಸೇರಿತು. ಪಕ್ಕದ ಊರಿನ ಒಬ್ಬಳಿಗೆ ಸಿಕ್ಕಿತು ಅಂದರೆ ಸಾಕು, ಹತ್ತು ಜನ ಬರೆಯುತ್ತಾರೆ. 1822ರಲ್ಲಿ ಪಶ್ಚಿಮದಲ್ಲಿ ಕ್ಷಾಮ ಬಂದಾಗ ಸರ್ಕಾರ ರಸ್ತೆ ಕೆಲಸ ಕೊಟ್ಟಿತು. ನಮ್ಮ ಊರಿಗೂ ರಸ್ತೆ ಹಾಕಿ, ಕೂಲಿ ಕೊಡಿ ಅಂತ ಕೇಳುವವರಿಗೆ ಅದೊಂದು ಹಿಡಿಕೆ ಆಯಿತು.

ಉತ್ತರ ಹೇಗಿರುತ್ತದೆ ಅನ್ನುವುದು ಕ್ಯಾಸಲ್‌ನಲ್ಲಿ ಕುಳಿತವರು ಯಾರು ಅನ್ನುವುದರ ಮೇಲೂ ಇತ್ತು. 1835ರಿಂದ 1840ರ ತನಕ ಅಂಡರ್ ಸೆಕ್ರೆಟರಿ, ಅಂದರೆ ಕ್ಯಾಸಲ್‌ನ ಹಿರಿಯ ಆಡಳಿತಾಧಿಕಾರಿ, ಆಗಿದ್ದ ಥಾಮಸ್ ಡ್ರಮಂಡ್ 1838ರಲ್ಲಿ ಟಿಪರರಿಯ ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಉತ್ತರ ಪ್ರಸಿದ್ಧ. ಕಾನೂನು ಬಿಗಿ ಮಾಡಿ ಅಂತ ಅವರು ಬರೆದರೆ, ಆಸ್ತಿಗೆ ಹಕ್ಕುಗಳಿರುವ ಹಾಗೆ ಕರ್ತವ್ಯಗಳೂ ಇವೆ ಅಂತ ಬರೆದು ಕಳಿಸಿದರು.

ಡಬ್ಲಿನ್_ಕನ್ನಡತಿ:

ಗ್ವೀಡೋರ್ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 1858ರಲ್ಲಿ ಅಲ್ಲಿನ ಹತ್ತು ಪಾದ್ರಿಗಳು ಮತ್ತೆ ಮೊರೆಯಿಟ್ಟರು, ಈ ಸಲ ಪತ್ರಿಕೆಗಳ ಮೂಲಕ ಎಲ್ಲರಿಗೂ. ಬೆಟ್ಟದ ಮೇಯಿಸುವ ಜಾಗ ಜನರ ಕೈತಪ್ಪಿದೆ, ಅಲ್ಲಿ ಸ್ಕಾಟ್ಲೆಂಡಿನವರ ಕುರಿ ಮೇಯುತ್ತಿದೆ, ಕುರಿ ಸತ್ತರೆ ಇಡೀ ಪ್ರದೇಶದ ಮೇಲೆ ದಂಡ ಹಾಕುತ್ತಾರೆ ಅಂತ. ಬ್ರಿಟಿಷ್ ಪಾರ್ಲಿಮೆಂಟ್ ವಿಚಾರಣಾ ಸಮಿತಿ ಕೂರಿಸಿತು. ಆ ಸಮಿತಿ ಅಂಥ ಅಸಾಧಾರಣ ಬಡತನವೇನೂ ಇಲ್ಲ ಅಂತ ಷರಾ ಬರೆಯಿತು. ಮೆಕೈ ಅಂಕಿ ಕೊಟ್ಟು ಇಪ್ಪತ್ತು ವರ್ಷ ಕಳೆದಿತ್ತು. ಆದರೂ ಸಾಕ್ಷಿ ಹೇಳಲು ಬಂದವರ ಮಾತು ಸಮಿತಿಯ ವರದಿಯಲ್ಲಿ ಅಚ್ಚಾಯಿತು, ಅದು ಇಂದಿಗೂ ಓದಲು ಸಿಗುತ್ತದೆ.

ಆ ವರ್ಷದ ಬಹುಪಾಲು ಐರ್ಲೆಂಡಿನ ಚೀಫ್ ಸೆಕ್ರೆಟರಿ ಆಗಿದ್ದವರು ಲಾರ್ಡ್ ನೇಸ್. ಆ ಹುದ್ದೆಗೆ ಮೂರು ಸಲ ಬಂದವರು. ತಂದೆಯ ಬಿರುದು ಬಂದ ಮೇಲೆ ಲಾರ್ಡ್ ಮೇಯೊ ಆದರು, ಭಾರತದ ವೈಸರಾಯ್ ಆದರು. ಬೆಂಗಳೂರಿನ ಎಂ.ಜಿ. ರಸ್ತೆಯ ಮೇಯೊ ಹಾಲ್ ಅವರ ಹೆಸರಿನದೇ. ಈ ಅರ್ಜಿಗಳು ಬಂದು ಬೀಳುತ್ತಿದ್ದ ಕಚೇರಿಯ ಯಜಮಾನರೊಬ್ಬರ ಹೆಸರು ನಮ್ಮೂರಿನಲ್ಲಿದೆ ಅಂತ ಎಷ್ಟು ಜನರಿಗೆ ಗೊತ್ತು?

ಬಯಲುಸೀಮೆಯವ:

ಮೇಯೊ ಹಾಲ್ ವಿಷಯ ನನಗೆ ಹೊಸದು. ಒಂದು ಅನುಮಾನ: 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋಯಿತಲ್ಲ, ಇವು ಹೇಗೆ ಉಳಿದವು?

ಡಬ್ಲಿನ್_ಕನ್ನಡತಿ:

ಸುಟ್ಟದ್ದು ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯಗಳ ಆವರಣದಲ್ಲಿದ್ದ ಕಚೇರಿ. 1821ರಿಂದ 1851ರ ತನಕದ ಜನಗಣತಿಯ ಮನೆವಾರು ಹಾಳೆಗಳಲ್ಲಿ ಬಹುತೇಕ ಅಲ್ಲೇ ಬೂದಿಯಾದವು. ಚೀಫ್ ಸೆಕ್ರೆಟರಿ ಕಚೇರಿಯ ಕಾಗದಗಳು ಕ್ಯಾಸಲ್‌ನ ಗೋಪುರದಲ್ಲಿ ಬೇರೆ ಕಡೆ ಇದ್ದವು, ಹಾಗಾಗಿ ಬಚಾವಾದವು. ಜನಗಣತಿಯಲ್ಲಿ ಅಳಿಸಿಹೋದ ಎಷ್ಟೋ ಬಡವರ ಹೆಸರು ಈಗ ಇರುವುದು ಅವರ ಅರ್ಜಿಯಲ್ಲಿ ಮಾತ್ರ. ಬರೆದುಕೊಟ್ಟವನು ಯಾರಾದರೇನು, ಹೆಸರು ಅವರದು, ಕಷ್ಟ ಅವರದು.

ಹಳೇಕಡತ ಅವರೇ, ನೋಡಬೇಕು ಅಂದರೆ ಬಿಷಪ್ ಸ್ಟ್ರೀಟ್‌ನ ರಾಷ್ಟ್ರೀಯ ದಾಖಲೆ ಭಂಡಾರಕ್ಕೇ ಬರಬೇಕಾಗಿಲ್ಲ. 1818ರಿಂದ ಮುಂದಿನ ಹಲವು ವರ್ಷಗಳ ಕಾಗದಗಳಿಗೆ ಒಂದೊಂದರ ಸಾರಾಂಶ ಬರೆದ ಪಟ್ಟಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಗಡೀಪಾರಾದವರ ಪಟ್ಟಿಯೂ ಬೇರೆಯಾಗಿ ಇದೆ, 1988ರಲ್ಲಿ ಆಸ್ಟ್ರೇಲಿಯಾಕ್ಕೆ ಐರ್ಲೆಂಡ್ ಉಡುಗೊರೆಯಾಗಿ ಮಾಡಿಕೊಟ್ಟದ್ದು. ವ್ಯಕ್ತಿಯ ಹೆಸರಿನಿಂದ ಹುಡುಕಬೇಡಿ, ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಜಿಲ್ಲೆ ಮತ್ತು ಊರು ಹಾಕಿ, 1822ರಿಂದ ಶುರು ಮಾಡಿ. ಮೇಯೊ, ಗಾಲ್ವೇ, ಕ್ಲೇರ್ ಕಡೆಯಿಂದ ಆ ಕ್ಷಾಮದ ವರ್ಷ ಬಂದದ್ದು ಬಹಳ ಇದೆ. ಏನಾದರೂ ಓದಲಾಗದೆ ಸಿಕ್ಕಿಕೊಂಡರೆ ಇಲ್ಲೇ ಹಾಕಿ, ನೋಡೋಣ.