ಬರ್ಮಿಂಗ್‌ಹ್ಯಾಮ್ ಕಾಲುವೆಗಳಲ್ಲಿ ನ್ಯಾರೋಬೋಟ್: ಯಾವ ದಾರಿ ಹಿಡಿಯೋದು?

ಹೊಳೆದಂಡೆ:
ನಾವು ನಾಲ್ಕು ಜನ ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ದಿನಕ್ಕೆ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಉದ್ದನೆಯ ಕಿರಿದಾದ ದೋಣಿ) ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೇವೆ. ಊರ ಮಧ್ಯದ ದೋಣಿ ತಂಗುದಾಣ ಗ್ಯಾಸ್ ಸ್ಟ್ರೀಟ್ ಬೇಸಿನ್ ಸುತ್ತಮುತ್ತ ಇದ್ದರೆ ಸಾಕು, ಆಚೆ ಬರೀ ಕಸ ಅಂತ ಹೇಳುವವರೇ ಜಾಸ್ತಿ. ನನಗಂತೂ ಹಳೇ ಕಾರ್ಖಾನೆಗಳ ಕಡೆ ಹೋಗುವ ಆಸೆ. ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಗೇಟುಗಳಿರುವ ತೊಟ್ಟಿ) ದಾಟಿ ಯಾರಿಗೂ ಅಭ್ಯಾಸವಿಲ್ಲ. ಹೋಗಬಹುದಾ?

ಹಳೇಸೇತುವೆ:
ಖಂಡಿತ ಹೋಗಿ. ಗ್ಯಾಸ್ ಸ್ಟ್ರೀಟ್ ಚೆನ್ನಾಗಿದೆ, ಆದರೆ ಆ ಊರು ಹೇಗೆ ಬೆಳೆಯಿತು ಅಂತ ಗೊತ್ತಾಗುವುದು ಸ್ಮೆಥ್‌ವಿಕ್ ಕಡೆಗೆ ಹೋದಾಗಲೇ. ಅಲ್ಲಿ ಕಾಲುವೆ ಎರಡಾಗುತ್ತದೆ. ಒಂದು ಎಂಜಿನಿಯರ್ ಬ್ರಿಂಡ್ಲಿ ಕಾಲದ ಹಳೇ ದಾರಿ, 1769ರಲ್ಲಿ ಅದರ ಮೊದಲ ಭಾಗ ತೆರೆಯಿತು. ಇನ್ನೊಂದು 1820ರ ದಶಕದಲ್ಲಿ ಇನ್ನೊಬ್ಬ ಎಂಜಿನಿಯರ್ ಟೆಲ್ಫರ್ಡ್ ಗುಡ್ಡ ಕಡಿದು ನೇರ ಮಾಡಿದ ಹೊಸ ದಾರಿ, ಹಳೆಯದಕ್ಕಿಂತ 20 ಅಡಿ ಕೆಳಗೆ. ಹೋಗುವಾಗ ಸ್ಮೆಥ್‌ವಿಕ್‌ನ ಮೂರು ಲಾಕ್ ಹತ್ತಿ ಹಳೇ ದಾರಿ ಹಿಡಿಯಿರಿ, ಟಿಪ್ಟನ್ ಹತ್ತಿರ ಫ್ಯಾಕ್ಟರಿ ಲಾಕ್ಸ್‌ನ ಮೂರು ಇಳಿದು ಹೊಸ ದಾರಿಯಲ್ಲಿ ವಾಪಸ್ ಬನ್ನಿ. ಒಟ್ಟು ಆರೇ ಲಾಕ್, ಕಲಿಯುವವರಿಗೆ ಸರಿಯಾದ ಲೆಕ್ಕ.

ಹಳೇ ದಾರಿಯಲ್ಲಿ ಒಂದು ಕಡೆ ತಲೆಯ ಮೇಲೆ ಎಂ5 ಹೆದ್ದಾರಿ, ಅದರ ಕಂಬಗಳು ಕಾಲುವೆಯ ಪಕ್ಕದಲ್ಲೇ ನಿಂತಿವೆ. ಅದೇ ಭಾಗದಲ್ಲಿ ಸ್ಟೀವರ್ಟ್ ಅಕ್ವಡಕ್ಟ್ (ಕಾಲುವೆಯನ್ನೇ ಹೊತ್ತ ಸೇತುವೆ) ಮೇಲೆ ನಿಮ್ಮ ದೋಣಿ, ಕೆಳಗೆ ಹೊಸ ಕಾಲುವೆ! ವಾಪಸ್ ಬರುವಾಗ ಗುಡ್ಡ ಕಡಿದ ಆಳದ ಜಾಗದಲ್ಲಿ ನಿಧಾನ ಮಾಡಿ ಮೇಲೆ ನೋಡಿ, 1829ರ ಗಾಲ್ಟನ್ ಕಬ್ಬಿಣದ ಸೇತುವೆ ಕಾಣುತ್ತದೆ. ಹಳೇ ಸೇತುವೆಗಳ ಮೂಲೆಯನ್ನು ಹತ್ತಿರದಿಂದ ನೋಡಿ, ಕುದುರೆಗಳು ದೋಣಿ ಎಳೆಯುತ್ತಿದ್ದಾಗ ಹಗ್ಗ ಉಜ್ಜಿ ಉಜ್ಜಿ ಕಬ್ಬಿಣದಲ್ಲೇ ಬೆರಳು ಇಡುವಷ್ಟು ಗೀರು ಬಿದ್ದಿರುತ್ತದೆ. ನನಗೆ ಅದೇ ಬಹಳ ಇಷ್ಟ.

ಚುಕ್ಕಾಣಿ:
ಕಸದ ಮಾತು ಸುಳ್ಳಲ್ಲ. ಪ್ಲಾಸ್ಟಿಕ್, ಬಟ್ಟೆ, ತಂತಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಸೇತುವೆ ಕೆಳಗೆ ಕಸ ಕಂಡರೆ ನ್ಯೂಟ್ರಲ್‌ಗೆ ಹಾಕಿ, ದೋಣಿ ತಾನೇ ಸಾಗಲಿ. ಸುತ್ತಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಹಿಂಬದಿಯಲ್ಲಿ ಪ್ರೊಪೆಲ್ಲರ್ ಮೇಲಿರುವ ಮುಚ್ಚಳ ತೆಗೆದು ಕೈ ಹಾಕಿ ಬಿಡಿಸಿ. ಆ ಮುಚ್ಚಳ ಬಿಗಿಯಾಗಿ ಹಾಕದೆ ಮತ್ತೆ ಎಂಜಿನ್ ಶುರು ಮಾಡಿದರೆ ನೀರು ಒಳಗೆ ನುಗ್ಗುತ್ತದೆ, ದೋಣಿ ಮುಳುಗಲೂಬಹುದು.

ಲಾಕ್ ಇಳಿಯುವಾಗ ಹಿಂದಿನ ಗೇಟಿನ ಬಳಿ ನೀರಿನೊಳಗೆ ಕಲ್ಲಿನ ಮೆಟ್ಟಿಲಿನ ಹಾಗೆ ಇರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಳ್ಳದಂತೆ, ಪಕ್ಕದ ಗೋಡೆಯ ಬಿಳಿ ಗೆರೆಯಿಂದ ಮುಂದೆಯೇ ದೋಣಿ ಇರಲಿ. ಒಬ್ಬರು ಬೇರೆ ಕೆಲಸ ಬಿಟ್ಟು ಅದನ್ನೇ ನೋಡಲಿ. ಲಾಕಿನ ಬೀಗ ತೆಗೆಯುವ ಕೀ ಬೇಕಾ ಅಂತ ಬಾಡಿಗೆಯವರನ್ನು ಮೊದಲೇ ಕೇಳಿ.

ಹೊಳೆದಂಡೆ:
ತುಂಬಾ ಥ್ಯಾಂಕ್ಸ್! ರಾತ್ರಿ ಎಲ್ಲಿ ನಿಲ್ಲೋದು? ಸುರಂಗ ಏನಾದರೂ ಸಿಗುತ್ತಾ?

ಹಳೇಸೇತುವೆ:
ಟಿಪ್ಟನ್ ಹತ್ತಿರ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂ ಬಳಿ ನಿಲ್ಲಿ. ಪಕ್ಕದ ಡಡ್ಲಿ ಸುರಂಗಕ್ಕೆ ಡೀಸೆಲ್ ದೋಣಿ ಬಿಡುವುದಿಲ್ಲ, ಸುರಂಗ ನೋಡಿಕೊಳ್ಳುವ ಟ್ರಸ್ಟಿನವರದೇ ಎಲೆಕ್ಟ್ರಿಕ್ ದೋಣಿಯಲ್ಲಿ ಹೋಗಬಹುದು. ಸಮಯವಿದ್ದರೆ ಹೊಸ ದಾರಿಯಿಂದ ನೆದರ್ಟನ್ ಸುರಂಗಕ್ಕೆ ತಿರುಗಿ, 1858ರದ್ದು, 2,768 ಮೀಟರ್ ಉದ್ದ, ಎರಡು ದೋಣಿ ಎದುರುಬದುರಾಗಿ ಹೋಗುವಷ್ಟು ಅಗಲ. ಗಾಳಿಕಿಂಡಿಗಳಿಂದ ನೀರು ಸುರಿಯುತ್ತದೆ, ಚುಕ್ಕಾಣಿ ಹಿಡಿದವರು ರೇನ್‌ಕೋಟ್ ಹಾಕಿಕೊಳ್ಳಿ.